ಟೊಂಕದ ಬಿರುಕು: ನೋವು ಹೋದ ಮೇಲಿನ ಆರು ತಿಂಗಳು

ಬಳ್ಳಾರಿಯಲ್ಲಿ ದೈಹಿಕ ಶಿಕ್ಷಕರು, ಕೋಚ್‌ಗಳು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಪಿ.ಟಿ. ಮೇಷ್ಟ್ರುಗಳೆಲ್ಲ ಒಂದು ಮಾತನ್ನು ಕೇಳಿಯೇ ಇರುತ್ತೀರಿ: "ಸರ್, ಈಗ ಏನೂ ನೋವಿಲ್ರಿ, ಆಡ್ತೀನ್ರಿ." ಟೊಂಕ ನೋವೆಂದು ಐದು ವಾರ ಮನೆಯಲ್ಲಿದ್ದ ಹದಿನೈದು ವರ್ಷದ ಬೌಲರ್ ಮೈದಾನಕ್ಕೆ ಮರಳಿ ಹೇಳುವ ಮಾತು ಅದು. ಹುಡುಗ ಸುಳ್ಳು ಹೇಳುತ್ತಿಲ್ಲ, ನೋವು ನಿಜವಾಗಿಯೂ ಹೋಗಿರುತ್ತದೆ. ಆದರೆ ಟೊಂಕದ ಎಲುಬಿನಲ್ಲಿ ಬಿದ್ದ ಬಿರುಕು ಇನ್ನೂ ಕೂಡಿರುವುದಿಲ್ಲ. ಈ ಪೆಟ್ಟಿನಲ್ಲಿ ಹೆಚ್ಚಿನ ಮಕ್ಕಳು ಎಡವುವುದು ನೋವಿನ ದಿನಗಳಲ್ಲಲ್ಲ, ನೋವು ಹೋದ ಮೇಲಿನ ಎರಡು ಮೂರು ತಿಂಗಳಲ್ಲಿ. ಹಾಗಾಗಿ ಇವತ್ತು ಆ ತಿಂಗಳುಗಳ ಬಗ್ಗೆಯೇ ಹೆಚ್ಚು ಮಾತಾಡುತ್ತೇವೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ರಿಪೋರ್ಟಿನಲ್ಲಿ "ಸ್ಪಾಂಡಿಲೋಲೈಸಿಸ್" ಎಂದಿದ್ದರೆ ಮನೆಯವರು ಅದನ್ನು "ಸ್ಪಾಂಡಿಲೋಸಿಸ್" ಎಂದು ಓದಿಕೊಳ್ಳುತ್ತಾರೆ. ಪಕ್ಕದ ಮನೆ ಅಜ್ಜನಿಗಿದ್ದ ಸವಕಳಿಯೇ ಇದು ಎಂದು ತಿಳಿದು ಅಜ್ಜನ ಎಣ್ಣೆ, ಅಜ್ಜನ ಬೆಲ್ಟು ಎಲ್ಲ ಹುಡುಗನಿಗೆ ಬರುತ್ತವೆ. ಸ್ಪಾಂಡಿಲೋಸಿಸ್ ವಯಸ್ಸಿನ ಸವೆತ. ಸ್ಪಾಂಡಿಲೋಲೈಸಿಸ್ ಎಂದರೆ ಬೆನ್ನುಮಣಿಯ ಹಿಂಭಾಗದಲ್ಲಿ ಬಿದ್ದ ಬಿರುಕು. ಎರಡೂ ಕಡೆ ಬಿರುಕು ಬಿಟ್ಟು ಮಣಿಯೇ ಮುಂದಕ್ಕೆ ಜಾರಿದರೆ ಅದು ಸ್ಪಾಂಡಿಲೋಲಿಸ್ತೆಸಿಸ್.

ಬಿರುಕು ಬೀಳುವ ಜಾಗ ಚಿಕ್ಕದು. ಪ್ರತಿ ಬೆನ್ನುಮಣಿಯ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಕಿರಿದಾದ ಎಲುಬಿನ ಸೇತುವೆ ಇದೆ. ಅದಕ್ಕೆ ಪಾರ್ಸ್ ಎನ್ನುತ್ತಾರೆ. ನೀವು ಹಿಂದಕ್ಕೆ ಬಾಗಿದಾಗ ಮೇಲಿನ ಮಣಿಯ ಕೀಲು ಕೆಳಕ್ಕೆ ಒತ್ತುತ್ತದೆ, ಕೆಳಗಿನದರ ಕೀಲು ಮೇಲಕ್ಕೆ ಒತ್ತುತ್ತದೆ, ನಡುವೆ ಪಾರ್ಸ್ ಅಡಕೊತ್ತಿನಲ್ಲಿ ಸಿಕ್ಕ ಅಡಕೆಯಂತಾಗುತ್ತದೆ. ಹಿಂದಕ್ಕೆ ಬಾಗುವುದರ ಜೊತೆ ಪಕ್ಕಕ್ಕೆ ವಾಲುವುದು, ತಿರುಚುವುದು ಸೇರಿದರೆ ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ. ಒಂದು ಸಲದ ಪೆಟ್ಟಿನಿಂದ ಇದು ಮುರಿಯುವುದು ಅಪರೂಪ. ಬೈಂಡಿಂಗ್ ತಂತಿಯನ್ನು ಹಿಂದೆ ಮುಂದೆ ಮಣಿಸಿ ಮಣಿಸಿ ಮುರಿಯುತ್ತೇವಲ್ಲ, ಹಾಗೆ ಇದೂ ದಣಿದು ಬಿಡುತ್ತದೆ. ಹೆಚ್ಚಿನ ಬಿರುಕುಗಳು ಸೊಂಟದ ಐದನೆಯ ಮಣಿಯಲ್ಲಿ, ಅಂದರೆ ಎಲ್-5ರಲ್ಲಿ ಬೀಳುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಎಲ್-4ರಲ್ಲಿ. ಈ ಭಾಗದ ಎಲುಬು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆದರೆ ಹದಿನಾರಕ್ಕೇ ಹುಡುಗನ ತೋಳಿಗೆ, ತೊಡೆಗೆ ಗಂಡಾಳಿನ ಶಕ್ತಿ ಬಂದುಬಿಟ್ಟಿರುತ್ತದೆ.

ಬಲಗೈ ಫಾಸ್ಟ್ ಬೌಲರ್‌ಗೆ ಸಾಮಾನ್ಯವಾಗಿ ಎಡಗಡೆ ಬಿರುಕು, ಎಡಗೈಯವನಿಗೆ ಬಲಗಡೆ. ಚೆಂಡು ಬಿಡುವ ಗಳಿಗೆಯಲ್ಲಿ ಮೈ ಆ ಬದಿಗೆ ವಾಲಿ ತಿರುಚಿಕೊಂಡಿರುತ್ತದೆ, ಮುಂಗಾಲು ನೆಲಕ್ಕೆ ಬಡಿದಾಗ ಮೈತೂಕದ ಐದಾರು ಪಟ್ಟು ಭಾರ ಮೇಲಕ್ಕೆ ಏರುತ್ತದೆ. ನಮ್ಮ ಕಡೆ ಸಿಮೆಂಟ್ ಪಿಚ್ ಮೇಲೆ ಮ್ಯಾಟ್ ಹಾಸಿ ಆಡುತ್ತೇವೆ. ಬೇಸಿಗೆಯಲ್ಲಿ ಎರೆಭೂಮಿಯ ಮೈದಾನವೂ ಬಿರಿದು ಕಲ್ಲಾಗಿರುತ್ತದೆ. ಜಂಪ್ ಸರ್ವ್ ಮಾಡುವ ವಾಲಿಬಾಲ್ ಹುಡುಗಿ, ಜಾವೆಲಿನ್ ಎಸೆಯುವವರು, ತಲೆಯ ಮೇಲೆ ಭಾರ ಎತ್ತುವವರು, ಗರಡಿಯಲ್ಲಿ ಕುತ್ತಿಗೆ ಮೇಲೆ ಸೇತುವೆ ಹಾಕುವ ಪೈಲ್ವಾನರು, ಮಲ್ಲಕಂಬದ ಮಕ್ಕಳು, ಯೋಗ ಸ್ಪರ್ಧೆಗೆಂದು ದಿನಕ್ಕೆ ಐವತ್ತು ಸಲ ಚಕ್ರಾಸನ ಹಾಕುವವರು, ಇವರೆಲ್ಲ ಇದೇ ಸಾಲಿನವರು.

ಎಷ್ಟು ಎಸೆದರು ಎಂಬ ಲೆಕ್ಕ ಇಡುವವರು ಯಾರು? ತೋರಣಗಲ್ಲಿನ ಹತ್ತಿರ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಸಂಸ್ಥೆ ಇದೆ. ಅಂಥ ಕಡೆ ಲೆಕ್ಕ ಇಡಲು ಜನರಿರುತ್ತಾರೆ. ಸರ್ಕಾರಿ ಶಾಲೆಯ ಹುಡುಗನಿಗೆ ಶಾಲೆ ಟೀಮ್ ಒಂದು, ಕ್ಲಬ್ ಇನ್ನೊಂದು, ಭಾನುವಾರ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿ ಮತ್ತೊಂದು. ಮೂರೂ ಕಡೆಯವರು "ನಮ್ಮಲ್ಲಿ ನಾಲ್ಕೇ ಓವರ್ ಹಾಕಿಸಿದ್ದು" ಎನ್ನುತ್ತಾರೆ, ಮೂವರೂ ನಿಜವನ್ನೇ ಹೇಳುತ್ತಾರೆ. ಕೂಡಿಸಿ ನೋಡುವವರೇ ಇಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ತನ್ನ ಮಕ್ಕಳಿಗೆಂದು ಹಾಕಿದ್ದ ಮಿತಿಯಲ್ಲಿ 13ರೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 15ರೊಳಗಿನವರಿಗೆ 6 ಮತ್ತು 12. ಅದು ವೇದವಾಕ್ಯವೇನಲ್ಲ, ಆದರೆ ಒಂದು ಅಂಕಿ ಕಣ್ಣ ಮುಂದಿದ್ದರೆ ಬೌಲಿಂಗ್ ನಿಲ್ಲಿಸಲು ಮೇಷ್ಟ್ರಿಗೊಂದು ಆಧಾರ ಸಿಗುತ್ತದೆ.

ಇನ್ನು ಪತ್ತೆ ಹಚ್ಚುವುದು. ಟೊಂಕದ ಒಂದೇ ಬದಿ, ಒಂದು ಬೆರಳಿಟ್ಟು ತೋರಿಸಬಹುದಾದ ನೋವು. ಆಡಿದಾಗ ಏರುತ್ತದೆ, ಮಲಗಿದರೆ ಇಳಿಯುತ್ತದೆ, ಹಿಂದಕ್ಕೆ ಬಾಗಿದರೆ ಚುಚ್ಚುತ್ತದೆ. ತೊಡೆ ಹಿಂಭಾಗದ ಸ್ನಾಯು ಬಿಗಿದಿರುತ್ತದೆ. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿಸುವ ಪರೀಕ್ಷೆಯನ್ನು ನಿಮ್ಮಲ್ಲಿ ಕೆಲವರು ಮಾಡುತ್ತೀರಿ. ನೋವು ಬಂದರೆ ಅನುಮಾನ ಪಡಿ, ಬರಲಿಲ್ಲವೆಂದು ಬಿರುಕಿಲ್ಲ ಅನ್ನಬೇಡಿ. ಬೆಳೆಯುವ ವಯಸ್ಸಿನ ಕ್ರೀಡಾಪಟುವಿಗೆ ಎರಡು ಮೂರು ವಾರ ದಾಟಿಯೂ ಟೊಂಕ ನೋವು ಉಳಿದರೆ ಅದನ್ನು "ಉಳುಕು" ಎಂದು ತಳ್ಳಿಹಾಕುವಂತಿಲ್ಲ. ರಾತ್ರಿ ನಿದ್ದೆಗೆಡಿಸುವ ನೋವು, ಸಂಜೆ ಜ್ವರ, ತೂಕ ಇಳಿತ ಇದ್ದರೆ ದಾರಿಯೇ ಬೇರೆ. ಬೆನ್ನೆಲುಬಿನ ಕ್ಷಯ ನಮ್ಮಲ್ಲಿ ಇದೆ. ಕುರಿ, ಆಡು ಸಾಕುವ ಮನೆಗಳಲ್ಲಿ ಬ್ರುಸೆಲ್ಲಾ ಸೋಂಕನ್ನೂ ನೆನಪಿಡಬೇಕು. ಕಾಲು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ದೊಡ್ಡಾಸ್ಪತ್ರೆಗೆ.

ಎಕ್ಸ್‌ರೇಯಲ್ಲಿ ಮೊದಲ ವಾರಗಳಲ್ಲಿ ಏನೂ ಕಾಣದು. "ಎಕ್ಸ್‌ರೇ ನಾರ್ಮಲ್" ಎಂಬ ಚೀಟಿ ಹಿಡಿದೇ ಎಷ್ಟೋ ಮಕ್ಕಳು ಮತ್ತೆ ಮೈದಾನಕ್ಕೆ ಇಳಿಯುತ್ತಾರೆ. ಎಂಆರ್‌ಐ ಬೇಕು, ಆದರೆ ಅದರಲ್ಲೂ ಒಂದು ಮೋಸವಿದೆ. ಸಾಮಾನ್ಯ ಸೊಂಟದ ಎಂಆರ್‌ಐಯನ್ನು ಡಿಸ್ಕ್, ಅಂದರೆ ಮಣಿಗಳ ನಡುವಿನ ಮೆತ್ತೆ, ನೋಡಲೆಂದು ಹೊಂದಿಸಿರುತ್ತಾರೆ. ಅಡ್ಡ ಸೀಳುಗಳು ಡಿಸ್ಕಿನ ಮೂಲಕ ಹಾದು ಪಾರ್ಸನ್ನು ಬಿಟ್ಟುಬಿಡುತ್ತವೆ. ರಿಪೋರ್ಟಿನಲ್ಲಿ "ಎಲ್-5 ಎಸ್-1 ಡಿಸ್ಕ್ ಸ್ವಲ್ಪ ಉಬ್ಬಿದೆ" ಎಂದು ಬರುತ್ತದೆ, ಎಲ್ಲರೂ ಡಿಸ್ಕಿನ ಬೆನ್ನು ಹತ್ತುತ್ತಾರೆ, ಹುಡುಗನಿಗೆ ಸೊಂಟ ಎಳೆದು ಹಿಡಿಯುವ ಟ್ರ್ಯಾಕ್ಷನ್ ಶುರುವಾಗುತ್ತದೆ. ಇನ್ನೊಂದು ಕಡೆ, ಡಿಸ್ಕಿನ ನೋವಿಗೆಂದು ಹೇಳಿಕೊಡುವ ಹಿಂದಕ್ಕೆ ಬಾಗುವ ವ್ಯಾಯಾಮಗಳು ಈ ಬಿರುಕಿಗೆ ವಿಷವಿದ್ದಂತೆ. ಆದ್ದರಿಂದ ಡಾಕ್ಟರ ಚೀಟಿಯಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ಪಾರ್ಸ್ ಸ್ಟ್ರೆಸ್ ಫ್ರ್ಯಾಕ್ಚರ್ (ದಣಿದು ಬಿದ್ದ ಬಿರುಕು) ಅನುಮಾನ ಇದೆ, ಎರಡೂ ಬದಿಯ ಪಾರ್ಸ್ ಪೂರ್ತಿ ಬರುವಂತೆ ಉದ್ದ ಸೀಳು ಬೇಕು, ಕೊಬ್ಬಿನ ಹೊಳಪು ಅಡಗಿಸುವ ಸ್ಟರ್ ಸೀಕ್ವೆನ್ಸ್ ಬೇಕು. ಎಲುಬಿನೊಳಗಿನ ಊತ ಆ ಸ್ಟರ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಬಿರುಕಿನ ಗೆರೆ ಎಷ್ಟು ಹಳೆಯದು ಎಂದು ತಿಳಿಯಲು ಸಿಟಿ ಸ್ಕ್ಯಾನ್ ಒಳ್ಳೆಯದು, ಆದರೆ ವಿಕಿರಣ ಹೆಚ್ಚು. ಬೆಳೆಯುವ ಮಕ್ಕಳಿಗೆ ಅದನ್ನು ಮತ್ತೆ ಮತ್ತೆ ಮಾಡಿಸಬಾರದು.

ಬೇಗ ಹಿಡಿದರೆ ಏನು ಲಾಭ? 2012ರಲ್ಲಿ ಜಪಾನಿನ ವೈದ್ಯರ ತಂಡವೊಂದು ಪ್ರಕಟಿಸಿದ ಅಧ್ಯಯನದ ಅಂಕಿ ನೋಡಿ. ಅವರು ಆಟ ನಿಲ್ಲಿಸಿ, ಟೊಂಕ ಅಲುಗದಂತೆ ಹಿಡಿಯುವ ಗಟ್ಟಿ ಬ್ರೇಸ್ ಹಾಕಿಸಿ ನೋಡಿದರು. ಕೂದಲೆಳೆಯ ಹಂತದಲ್ಲಿ ಸಿಕ್ಕ ಬಿರುಕುಗಳಲ್ಲಿ ನೂರಕ್ಕೆ 94 ಕೂಡಿಕೊಂಡವು, ಸರಾಸರಿ ಮೂರು ತಿಂಗಳ ಮೇಲೆ ಒಂದಿಷ್ಟು ದಿನ ಹಿಡಿಯಿತು. ಗೆರೆ ಅಗಲವಾಗಿ ಊತ ಇನ್ನೂ ಇದ್ದವುಗಳಲ್ಲಿ 64, ಐದೂವರೆ ತಿಂಗಳ ಹತ್ತಿರ. ಅಂಚುಗಳು ನುಣುಪಾಗಿ ಹಳೆಯದಾಗಿದ್ದ ಬಿರುಕುಗಳಲ್ಲಿ ಒಂದೂ ಕೂಡಲಿಲ್ಲ. ಎರಡು ತಿಂಗಳು ಡೈಕ್ಲೋ ಎಂಬ ನೋವಿನ ಮಾತ್ರೆ ನುಂಗಿಸಿ ಆಡಿಸಿದರೆ ಮೊದಲ ಗುಂಪಿನ ಹುಡುಗ ಮುಂದಿನ ಗುಂಪುಗಳಿಗೆ ಸರಿಯಬಹುದು. ಸೆಲೆಕ್ಷನ್ ಮುಗಿಯಲಿ ಎಂದು ಕಾಯುವವರು ಲೆಕ್ಕ ಹಾಕಬೇಕಾದದ್ದು ಇದನ್ನೇ.

ಬೆಲ್ಟಿನ ಬಗ್ಗೆ ಕೇಳುತ್ತೀರಿ. ಮೆಡಿಕಲ್ ಶಾಪಿನ ಎಲಾಸ್ಟಿಕ್ ಬೆಲ್ಟ್ ಎಲ್-5ನ್ನು ಅಲುಗಾಡದಂತೆ ಹಿಡಿಯಲಾರದು, ಬಾಗಬೇಡ ಎಂದು ನೆನಪಿಸುತ್ತದೆ ಅಷ್ಟೆ. ಗಟ್ಟಿ ಬ್ರೇಸ್ ಬೇಕೇ ಬೇಡವೇ ಎಂಬುದರಲ್ಲಿ ವೈದ್ಯರೊಳಗೇ ಒಮ್ಮತವಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2009ರ ವಿಶ್ಲೇಷಣೆಯಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ನೂರಕ್ಕೆ ಸುಮಾರು 84 ಮಂದಿ ಒಳ್ಳೆಯ ಸ್ಥಿತಿಗೆ ಬಂದಿದ್ದರು, ಬ್ರೇಸ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಟ ನಿಲ್ಲಿಸುವುದೇ ಮುಖ್ಯ ಮದ್ದು ಎಂಬುದು ನಮ್ಮ ಅಭಿಪ್ರಾಯ. ಬ್ರೇಸ್ ಹಾಕಿಕೊಂಡು ನೆಟ್ಸ್‌ಗೆ ಹೋಗುವುದಂತೂ ತಮಾಷೆ.

ನಿಲ್ಲಿಸುವುದು ಎಂದರೆ ಏನು? ಹಾಸಿಗೆ ಹಿಡಿಯುವುದಲ್ಲ. ನಡೆಯಬಹುದು, ಶಾಲೆಗೆ ಹೋಗಬಹುದು. ಓಟ, ಜಿಗಿತ, ಎಸೆತ, ಹಿಂದಕ್ಕೆ ಬಾಗುವುದು, ತಿರುಚುವುದು ಬೇಡ. ಕೋಚ್ "ರೆಸ್ಟ್" ಎಂದರೆ ಮನೆಯಲ್ಲಿ "ಖಾಲಿ ಇದ್ದಾನೆ" ಎಂದು ಅರ್ಥವಾಗುತ್ತದೆ. ಗಂಗಾವತಿ, ಸಿಂಧನೂರು ಕಡೆ ಕೊಯ್ಲಿನ ಹೊತ್ತಿಗೆ 75 ಕೆಜಿ ಭತ್ತದ ಚೀಲಕ್ಕೆ ಕೈ ಹಾಕುತ್ತಾನೆ, ಹೊಲದಲ್ಲಿ ಔಷಧಿ ಪಂಪ್ ಬೆನ್ನಿಗೆ ಏರುತ್ತದೆ, ಕಾರಹುಣ್ಣಿಮೆ ಬಂದರೆ ಗುಂಡು ಎತ್ತುವ ಕಣಕ್ಕೆ ಗೆಳೆಯರು ಎಳೆಯುತ್ತಾರೆ. ಮೈದಾನ ಬಿಟ್ಟ ಹುಡುಗನ ಬಿರುಕು ಯಾಕೆ ಕೂಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಅವನ ಇಡೀ ದಿನದ ಕೆಲಸ ಕೇಳಿ. ಹುಡುಗಿಯಾದರೆ ನೀರಿನ ಕೊಡದ ಬಗ್ಗೆ ಕೇಳಿ. ಸೊಂಟದ ಮೇಲೆ ಕೊಡ ಇಟ್ಟಾಗ ಮೈ ಒಂದೇ ಬದಿಗೆ ವಾಲುತ್ತದೆ, ಅದೂ ದಿನಾ ಅದೇ ಬದಿಗೆ. ಮತ್ತೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇವೆ: ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕ ತುಳಿಸುವುದು, ನೆಟಿಗೆ ತೆಗೆಸುವುದು, ಎಣ್ಣೆ ಹಚ್ಚಿ ಮೊಣಕೈಯಿಂದ ಒತ್ತಿಸುವುದು ಬೇಡವೇ ಬೇಡ. ಬಿರುಕಿನ ಮೇಲೆ ಕಾಲಿಟ್ಟರೆ ಅದು ಕೂಡುವುದೆಂತು?

ಮೊದಲ ಹಂತ ಆರರಿಂದ ಹನ್ನೆರಡು ವಾರ. ನೋವಿನ ಚುರುಕು ಇಳಿದ ಕೂಡಲೇ, ಎಲುಬು ಕೂಡುವುದಕ್ಕೆ ಕಾಯದೆ, ಹಗುರ ವ್ಯಾಯಾಮ ಆರಂಭಿಸಬಹುದು. ಮುಖ್ಯವಾಗಿ ಮೂರು ಸಾಕು. ಬೆನ್ನ ಮೇಲೆ ಮಲಗಿ ಹೊಟ್ಟೆ ಬಿಗಿಹಿಡಿದು ಎದುರು ಬದುರು ಕೈಕಾಲು ನಿಧಾನ ಇಳಿಸುವುದು. ಅಂಬೆಗಾಲಿನ ಭಂಗಿಯಲ್ಲಿ ಎದುರು ಬದುರು ಕೈಕಾಲು ಚಾಚುವುದು, ಕಾಲು ಟೊಂಕದ ಮಟ್ಟಕ್ಕಿಂತ ಮೇಲೆ ಹೋಗಬಾರದು. ಮೊಣಕೈ, ಮೊಣಕಾಲೂರಿ ಪಕ್ಕದ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ತಿರುಗಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು. ಒಂದೊಂದು ಹಿಡಿತ 10 ಸೆಕೆಂಡ್. ಮೊದಲು 6 ಸಲ, ಸ್ವಲ್ಪ ಬಿಡುವು, ಆಮೇಲೆ 4, ಆಮೇಲೆ 2. ಒಂದು ನಿಮಿಷ ಒಂದೇ ಉಸಿರಿಗೆ ಹಿಡಿದು ಶೌರ್ಯ ತೋರಿಸಿದರೆ ಕೊನೆಯ ಇಪ್ಪತ್ತು ಸೆಕೆಂಡ್ ಟೊಂಕ ಕುಸಿದು ಹಿಂದಕ್ಕೆ ಬಾಗಿರುತ್ತದೆ, ಅಂದರೆ ಬೇಡವೆಂದದ್ದನ್ನೇ ಮಾಡಿದಂತಾಯಿತು. ಸರಿಯಾಗಿದೆಯೇ ನೋಡುವುದು ಸುಲಭ. ಬೆನ್ನ ಮೇಲೆ ಮಲಗಿದಾಗ ಟೊಂಕದ ಕೆಳಗೆ ಮಡಿಸಿದ ಟವೆಲ್ ಇಡಿ. ಕಾಲು ಇಳಿಸುವಾಗ ಟವೆಲ್ ಎಳೆದರೆ ಸಲೀಸಾಗಿ ಬಂದುಬಿಟ್ಟರೆ ಟೊಂಕ ನೆಲ ಬಿಟ್ಟು ಕಮಾನಾಗಿದೆ ಎಂದು ತಿಳಿಯಿರಿ, ಕಾಲನ್ನು ಅಷ್ಟು ಕೆಳಗೆ ಬಿಡಬೇಡಿ. ಇದರ ಜೊತೆ ತೊಡೆ ಸಂದಿನ ಮುಂಭಾಗದ ಸ್ನಾಯು ಸಡಿಲಿಸಬೇಕು. ಅದು ಬಿಗಿದಿದ್ದರೆ ಕಾಲು ಹಿಂದೆ ಹೋದಾಗಲೆಲ್ಲ ಟೊಂಕವೇ ಬಾಗಬೇಕಾಗುತ್ತದೆ.

ಎರಡನೆಯ ಹಂತದಲ್ಲಿ ಭಾರ ಬರುತ್ತದೆ. ಪೃಷ್ಠ ಮೇಲೆತ್ತುವುದು, ಬಸ್ಕಿ, ಟೊಂಕ ನೇರ ಇಟ್ಟು ತೊಡೆಸಂದಿನಿಂದ ಬಾಗಿ ಏಳುವುದು, ಒಂದೇ ಕೈಯಲ್ಲಿ ತೂಕ ಹಿಡಿದು ಮೈ ವಾಲದಂತೆ ನಡೆಯುವುದು. ಐದು ಕೆಜಿ ಅಕ್ಕಿ ಚೀಲದಿಂದ ಆರಂಭಿಸಿದರೂ ಆಯಿತು. ದಂಡ ಮತ್ತು ಸೂರ್ಯನಮಸ್ಕಾರ ಇನ್ನೂ ಬೇಡ, ಎರಡರಲ್ಲೂ ಎದೆ ಎತ್ತುವಾಗ ಟೊಂಕ ಮಡಿಯುತ್ತದೆ. ಯೋಗ ಮೇಷ್ಟ್ರುಗಳು ಬೇಸರ ಮಾಡಿಕೊಳ್ಳಬೇಡಿ. ಭುಜಂಗ, ಧನುರ, ಚಕ್ರಾಸನಗಳು ಇವರಿಗೆ ಕೊನೆಯಲ್ಲಿ, ಅದೂ ಬೇಕಾದರೆ ಮಾತ್ರ.

ಓಟಕ್ಕೆ ಮುನ್ನ ನಾವು ನಾಲ್ಕು ವಿಷಯ ನೋಡುತ್ತೇವೆ. ದಿನನಿತ್ಯದ ಕೆಲಸದಲ್ಲಿ ಕನಿಷ್ಠ ನಾಲ್ಕು ವಾರ ನೋವಿಲ್ಲದಿರುವುದು, ಹಿಂದಕ್ಕೆ ಬಾಗಿದರೂ ಎರಡೂ ಬದಿ ಸಮ ಇರುವುದು, ಪೂರ್ಣ ಪಕ್ಕದ ಪ್ಲ್ಯಾಂಕ್ ಎಡ ಬಲ ಎರಡೂ ಕಡೆ 45 ಸೆಕೆಂಡ್ ಕುಸಿಯದೆ ನಿಲ್ಲುವುದು, ಒಂಟಿ ಕಾಲಲ್ಲಿ ಹತ್ತು ಸಲ ಜಿಗಿದರೂ ನೋವು ಬಾರದಿರುವುದು. ಸಾಧ್ಯವಾದರೆ ಮೂರನೆಯ ತಿಂಗಳಿಗೆ ಇನ್ನೊಂದು ಸ್ಟರ್ ಚಿತ್ರ. ಊತ ಆರಿಲ್ಲದಿದ್ದರೆ ಹುಡುಗ ಎಷ್ಟೇ ಚೆನ್ನಾಗಿದ್ದೇನೆ ಎಂದರೂ ಕಾಯಬೇಕು.

ಈಗ ಬೌಲಿಂಗ್. ಎಲುಬು ಕೂಡಿದೆ ಎಂದರೆ ಮೊದಲಿನಷ್ಟು ಗಟ್ಟಿಯಾಗಿದೆ ಎಂದಲ್ಲ. ಎಸೆಯದೆ ಕಳೆದ ತಿಂಗಳುಗಳಲ್ಲಿ ಆ ಭಾಗದ ಎಲುಬು ತೆಳುವಾಗಿರುತ್ತದೆ, ಮತ್ತೆ ಭಾರ ಕಂಡೇ ಅದು ಬಲಿಯಬೇಕು. ನಾವು ಹಾಕುವ ಲೆಕ್ಕ ಹನ್ನೆರಡು ವಾರದ್ದು. ಮೊದಲ ಎರಡು ವಾರ, ಮೂರು ದಿನಕ್ಕೊಮ್ಮೆ, ನಿಂತಲ್ಲಿಂದ ಇಲ್ಲವೇ ಎರಡು ಹೆಜ್ಜೆ ನಡೆದು 12 ಎಸೆತ, ಅರ್ಧ ವೇಗ. ಮೂರು ನಾಲ್ಕನೆಯ ವಾರ ಅರ್ಧ ರನ್-ಅಪ್‌ನಿಂದ 18ರಿಂದ 24. ಐದು ಆರರಲ್ಲಿ ಪೂರ್ಣ ರನ್-ಅಪ್, 24 ಎಸೆತಕ್ಕೇ ನಿಲ್ಲಿಸಿ, ಮುಕ್ಕಾಲು ವೇಗ. ಏಳು ಎಂಟರಲ್ಲಿ ಅದೇ ವೇಗ, 36 ಎಸೆತ. ಒಂಬತ್ತರ ನಂತರ ಪೂರ್ಣ ವೇಗ, ಆದರೆ ಎಸೆತ ಮತ್ತೆ 24ಕ್ಕೆ ಇಳಿಸಿ ಅಲ್ಲಿಂದ ಏರಿಸಿ. ಎಣಿಕೆ ಏರಿಸಿದ ವಾರ ವೇಗ ಏರಿಸಬೇಡಿ, ವೇಗ ಏರಿಸಿದ ವಾರ ಎಣಿಕೆ ಏರಿಸಬೇಡಿ. ಎರಡು ದಿನ ಬೆನ್ನು ಬೆನ್ನಿಗೆ ಬೌಲಿಂಗ್ ಇಲ್ಲ. ಹಳೆಯ ಜಾಗದಲ್ಲೇ ಬೆರಳಿಟ್ಟು ತೋರಿಸುವ ನೋವು ಮರಳಿದರೆ ಅಲ್ಲಿಗೇ ನಿಲ್ಲಿಸಿ, ಪೂರ್ತಿ ಹೋದ ಮೇಲೆ ಹಿಂದಿನ ಮೆಟ್ಟಿಲಿಂದ ಮತ್ತೆ ಶುರು. ನೋವು ವಾರ ದಾಟಿದರೆ ಸ್ಕ್ಯಾನ್. ಪಂದ್ಯಕ್ಕೆ ಮರಳುವ ಹೊತ್ತಿಗೆ ಫಾಸ್ಟ್ ಬೌಲರ್‌ಗೆ ಆರರಿಂದ ಒಂಬತ್ತು ತಿಂಗಳು, ಕೆಲವರಿಗೆ ವರ್ಷ. ಬೇರೆ ಆಟದವರು ಮೂರರಿಂದ ಆರು ತಿಂಗಳಲ್ಲಿ ಮರಳುತ್ತಾರೆ. ಆ ನಡುವೆ ಮೊಬೈಲ್‌ನಲ್ಲಿ ಎದುರಿನಿಂದ, ಹಿಂದಿನಿಂದ ವಿಡಿಯೊ ಹಿಡಿದು ನೋಡಿ. ಕಾಲು, ಸೊಂಟ ಎದುರಿಗೆ ಮುಖ ಮಾಡಿ ಹೆಗಲು ಮಾತ್ರ ಪಕ್ಕಕ್ಕೆ ತಿರುಗಿದ ಮಿಶ್ರ ಶೈಲಿಯನ್ನು ತಿದ್ದಬೇಕಾದ ಕಾಲ ಅದೇ.

ಊಟದ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ 13ರಿಂದ 15ರ ಮಕ್ಕಳಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದ ರೊಟ್ಟಿ ಹೊಟ್ಟೆಗೆ ಒಳ್ಳೆಯದು, ಕ್ಯಾಲ್ಸಿಯಂ ವಿಷಯದಲ್ಲಿ ಬಡವ. ಕಾಲು ಕೆಜಿ ಹಿಟ್ಟಿನಲ್ಲಿ 70 ಮಿಲಿಗ್ರಾಂ ಇದ್ದರೆ ಹೆಚ್ಚು. ಅರ್ಧ ಲೀಟರ್ ಹಾಲು ಮೊಸರಿನಲ್ಲಿ 600ರ ಆಸುಪಾಸು, 100 ಗ್ರಾಂ ರಾಗಿಯಲ್ಲಿ 350. ಎಳ್ಳು, ಗುರೆಳ್ಳು ಚಟ್ನಿಪುಡಿ, ನುಗ್ಗೆ ಸೊಪ್ಪು ಸೇರಿದರೆ ಇನ್ನಷ್ಟು. ಬಳ್ಳಾರಿ ಬಿಸಿಲಲ್ಲಿ ವಿಟಮಿನ್ ಡಿ ಕೊರತೆಯೇ ಎಂದು ನಗಬೇಡಿ. ನಸುಕಿನ ಆರಕ್ಕೂ ಸಂಜೆ ಆರಕ್ಕೂ ಆಡುವವರಿಗೆ ಓರೆ ಬಿಸಿಲೇ ಸಿಗುವುದು, ಅದರಿಂದ ಚರ್ಮದಲ್ಲಿ ವಿಟಮಿನ್ ತಯಾರಾಗುವುದು ತೀರ ಕಡಿಮೆ. ರಕ್ತ ಪರೀಕ್ಷೆಯಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಡಾಕ್ಟರು ವಾರಕ್ಕೊಂದರಂತೆ 60,000 ಯೂನಿಟ್ ಸ್ಯಾಶೆ ಬರೆಯುತ್ತಾರೆ. ದಿನಾ ಒಂದು ತಿಂದರೆ ಬೇಗ ಕೂಡುತ್ತದೆ ಎಂದು ತಿಂದು ಆಸ್ಪತ್ರೆ ಸೇರಬೇಡಿ. ಕೊಪ್ಪಳ, ರಾಯಚೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ, ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ದು ಕುಡಿಯಲು ಬೇಡ. ಹೆಚ್ಚು ಫ್ಲೋರೈಡ್ ಸೇರಿದ ಎಲುಬು ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುತ್ತದೆ, ಗಟ್ಟಿಯಾಗಿರುವುದಿಲ್ಲ. ಗುಟ್ಕಾ ಎಲುಬು ಕೂಡುವುದನ್ನು ತಡಮಾಡುತ್ತದೆ. ಹುಡುಗಿಯರ ಮುಟ್ಟು ಮೂರು ತಿಂಗಳು ನಿಂತರೆ, "ಆಟದಿಂದ ಹಾಗಾಗುತ್ತೆ" ಎಂದು ಬಿಡಬೇಡಿ, ತಿನ್ನುವುದು ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ಮೇಷ್ಟ್ರು ಕೇಳಲು ಮುಜುಗರವಾದರೆ ಒಬ್ಬ ಟೀಚರಮ್ಮನ ಕೈಲಿ ಕೇಳಿಸಿ.

ಬಿರುಕು ಕೂಡಲೇ ಇಲ್ಲ ಎಂದರೆ ಮುಂದೆ ಗತಿಯೇನು? ಪಾಲಕರ ನಿಜವಾದ ಭಯ ಇದು. ಅಮೆರಿಕದಲ್ಲಿ 1950ರ ದಶಕದಲ್ಲಿ 500 ಒಂದನೇ ತರಗತಿ ಮಕ್ಕಳ ಬೆನ್ನು ಪರೀಕ್ಷಿಸಿ, ಬಿರುಕು ಕಂಡವರನ್ನು 45 ವರ್ಷ ಹಿಂಬಾಲಿಸಿದ ಅಧ್ಯಯನವಿದೆ. ಒಂದೇ ಬದಿ ಬಿರುಕಿದ್ದ ಯಾರಿಗೂ ಮಣಿ ಜಾರಲಿಲ್ಲ. ಎರಡೂ ಬದಿ ಇದ್ದವರಲ್ಲಿ ಜಾರಿದರೂ ವಯಸ್ಸಾದಂತೆ ಜಾರುವ ವೇಗ ತಗ್ಗಿತು. ಬೆನ್ನುನೋವಿನ ಲೆಕ್ಕದಲ್ಲಿ ಅವರು ಅದೇ ವಯಸ್ಸಿನ ಉಳಿದ ಜನರಿಗಿಂತ ಭಿನ್ನವಾಗಿರಲಿಲ್ಲ. ನಾರಿನಂತೆ ಅಂಟಿಕೊಂಡ ಬಿರುಕಿನ ಜೊತೆಗೇ ಆಡುವವರಿದ್ದಾರೆ. ಎರಡೂ ಬದಿ ಬಿರುಕಿರುವ ಮಕ್ಕಳಿಗೆ ಮಾತ್ರ ಎತ್ತರ ಬೆಳೆಯುವುದು ನಿಲ್ಲುವವರೆಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ನಿಂತು ಪಕ್ಕದಿಂದ ತೆಗೆದ ಎಕ್ಸ್‌ರೇ ಬೇಕು. ಮಲಗಿಸಿ ತೆಗೆದರೆ ಜಾರಿಕೆ ಅಡಗಿಕೊಳ್ಳುತ್ತದೆ. ಆರು ತಿಂಗಳ ಸರಿಯಾದ ಆರೈಕೆಯ ನಂತರವೂ ನೋವು ಬಿಡದಿದ್ದರೆ ಸ್ಕ್ರೂ ಹಾಕಿ ಬಿರುಕು ಬೆಸೆಯುವ ಶಸ್ತ್ರಚಿಕಿತ್ಸೆಯ ಮಾತು. ಜಸ್ಪ್ರೀತ್ ಬುಮ್ರಾಗೆ 2019ರಲ್ಲಿ, ಮತ್ತೆ 2022ರಲ್ಲಿ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಯಿತು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ, ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ಮರಳಿದರು. ಅದೇ ಸರಣಿಯಲ್ಲಿ ನಮ್ಮ ಪ್ರಸಿದ್ಧ್ ಕೃಷ್ಣ ಕೂಡ ಇದೇ ಪೆಟ್ಟಿನಿಂದ ಎದ್ದು ಬಂದರು. ಆಸ್ಟ್ರೇಲಿಯಾದ ಫಾಸ್ಟ್ ಬೌಲರ್ ಪ್ಯಾಟ್ ಕಮಿನ್ಸ್ 18ಕ್ಕೇ 2011ರಲ್ಲಿ ಮೊದಲ ಟೆಸ್ಟ್ ಆಡಿದವರು. ಎರಡನೆಯ ಟೆಸ್ಟ್ ಆಡಿದ್ದು 2017ರಲ್ಲಿ, ನಡುವಿನ ವರ್ಷಗಳನ್ನು ತಿಂದದ್ದರಲ್ಲಿ ಬೆನ್ನಿನ ಪಾಲು ದೊಡ್ಡದು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಅದು ಹಲವು ಮನೆಗಳದ್ದು. "ಆಟ ಬಿಡಿಸ್ತೀವ್ರಿ, ಹೊಲದಾಗ ಔಷಧಿ ಹೊಡ್ಯೋದು ಹೆಂಗ ಬಿಡಿಸ್ಲಿ? ಮನ್ಯಾಗ ಇನ್ನೊಬ್ಬ ಆಳಿಲ್ಲ" ಎಂದು ಒಬ್ಬ ತಂದೆ ಕೇಳಿದರು. 18 ತುಂಬದವರ ಕೈಗೆ ಕೀಟನಾಶಕ ಕೊಡಲೇಬಾರದು, ಅದು ಬೇರೆ ಮಾತು. ತುಂಬಿದವನಾದರೂ ಮೊದಲ ಆರು ತಿಂಗಳು ಬೇಡ. 16 ಲೀಟರ್ ಪಂಪ್ ತುಂಬಿದರೆ ಡಬ್ಬ ಸೇರಿ 20 ಕೆಜಿ ಬರುತ್ತದೆ. ಒಳಗಿನ ನೀರು ಅಲುಗಿದಾಗಲೆಲ್ಲ ಮೈ ಹಿಂದಕ್ಕೆ ಎಳೆಯುತ್ತದೆ. ಆಮೇಲೆ ಹೊರಲೇಬೇಕಾದರೆ 8 ಲೀಟರ್ ಮಾತ್ರ ತುಂಬಿ. ಎರಡೂ ಪಟ್ಟಿ ಬಿಗಿದು ಡಬ್ಬ ಬೆನ್ನಿಗೆ ಅಂಟಿರಲಿ. ನೆಲದಿಂದ ಎತ್ತಿ ಹೆಗಲಿಗೆ ಹಾಕಿಕೊಳ್ಳುವುದು ಬೇಡ, ಟೊಂಕದೆತ್ತರದ ಕಟ್ಟೆಯ ಮೇಲೋ ಟ್ರ್ಯಾಲಿಯ ಅಂಚಿನ ಮೇಲೋ ಇಟ್ಟು, ಬೆನ್ನು ತಿರುಗಿಸಿ ನಿಂತು, ಪಟ್ಟಿಯೊಳಗೆ ತೋಳು ತೂರಿಸಿ ಮುಂದಕ್ಕೆ ಹೆಜ್ಜೆ ಇಡಬೇಕು. ಇಳಿಸುವುದೂ ಅಲ್ಲೇ.